ಶಾಲೆ ತುಂಬಿದೆ ಎಂದು ಗೇಟು ಹಾಕಬಹುದೇ?

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಬೇಸಿಗೆ ರಜೆ ಮುಗಿದು ದಾಖಲಾತಿ ಶುರುವಾದರೆ ಈ ಅಂಕಣಕ್ಕೆ ಬರುವ ಪತ್ರಗಳ ಬಣ್ಣವೇ ಬದಲಾಗುತ್ತದೆ. ಮಕ್ಕಳಿಲ್ಲ ಎಂದು ಸರ್ಕಾರಿ ಶಾಲೆಗಳು ಮುಚ್ಚುತ್ತಿರುವ ಸುದ್ದಿಯನ್ನೇ ಓದುವವರಿಗೆ, ಜಾಗವಿಲ್ಲ ಎಂದು ಗೋಳಾಡುವ ಸರ್ಕಾರಿ ಶಾಲೆಗಳೂ ಇವೆ ಎಂದರೆ ನಂಬಿಕೆ ಬರುವುದಿಲ್ಲ. ಮೈಸೂರು, ಮಂಡ್ಯ ಕಡೆಯಿಂದ ಬಂದ ಐದು ಪತ್ರಗಳನ್ನು ಈ ಬಾರಿ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಮೈಸೂರು ಹೊರವಲಯದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆ ನಾನು. ಒಂದರಿಂದ ಐದರವರೆಗೆ 290, ಆರು ಮತ್ತು ಏಳನೇ ತರಗತಿಯಲ್ಲಿ 122 ಮಕ್ಕಳಿದ್ದಾರೆ. ಒಂದನೇ ತರಗತಿಯ 68 ಮಕ್ಕಳು ಒಂದೇ ಕೊಠಡಿಯಲ್ಲಿ ಕೂರುತ್ತಾರೆ. ಒಂಬತ್ತು ಕೊಠಡಿಗಳಲ್ಲಿ ಎರಡು ಸೋರುತ್ತವೆ. ಮುಖ್ಯ ಶಿಕ್ಷಕರನ್ನು ಬಿಟ್ಟು ಎಂಟು ಶಿಕ್ಷಕರು. ಅವರಲ್ಲಿ ಒಬ್ಬರನ್ನು ಕಚೇರಿ ಕೆಲಸಕ್ಕೆ ನಿಯೋಜಿಸಿದ್ದಾರೆ. ‘ದಾಖಲಾತಿ ಮುಗಿದಿದೆ’ ಎಂದು ಗೇಟಿಗೆ ಬೋರ್ಡ್ ತೂಗುಹಾಕೋಣ ಎನ್ನುತ್ತಾರೆ ಅಧ್ಯಕ್ಷರು. ಸಮಿತಿಗೆ ಆ ಅಧಿಕಾರ ಇದೆಯೇ?

ಉತ್ತರ: ಇಲ್ಲ. ಬೋರ್ಡ್ ಬರೆಸಿದ್ದರೆ ಇಳಿಸಿಬಿಡಿ. ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ನೆರೆಹೊರೆಯ ಶಾಲೆಯಲ್ಲಿ ಪ್ರವೇಶ ಕೊಡುವುದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಸರ್ಕಾರದ ಕರ್ತವ್ಯ. ನಮ್ಮ ರಾಜ್ಯದಲ್ಲಿ ನೆರೆಹೊರೆ ಎಂದರೆ ಒಂದರಿಂದ ಐದನೇ ತರಗತಿಗೆ ಒಂದು ಕಿಲೋಮೀಟರ್, ಆರರಿಂದ ಎಂಟಕ್ಕೆ ಮೂರು ಕಿಲೋಮೀಟರ್. ಆ ವ್ಯಾಪ್ತಿಯ ಮಗುವನ್ನು ಜಾಗವಿಲ್ಲ ಎಂದು ಹಿಂದೆ ಕಳುಹಿಸಲು ಅಧ್ಯಕ್ಷರಿಗಾಗಲಿ ಮುಖ್ಯ ಶಿಕ್ಷಕರಿಗಾಗಲಿ ಬರುವುದಿಲ್ಲ. ಬೇರೆ ಬಡಾವಣೆಯಿಂದ ವ್ಯಾನಿನಲ್ಲಿ ಬರುವ ಮಗುವಿನ ಪೋಷಕರಿಗೆ ಅವರ ಮನೆ ಹತ್ತಿರದ ಶಾಲೆಯನ್ನು ತೋರಿಸಿ ಒಪ್ಪಿಸಬಹುದು, ಅಷ್ಟೇ.

ಈಗ ನಿಮ್ಮ ಅಂಕಿಗಳಿಗೆ ಬರೋಣ. ಇಷ್ಟು ಸ್ಪಷ್ಟವಾಗಿ ಲೆಕ್ಕ ಕೊಟ್ಟು ಪತ್ರ ಬರೆಯುವವರು ಅಪರೂಪ. ಕಾಯ್ದೆಯ ಅನುಸೂಚಿಯ ಪ್ರಕಾರ ಒಂದರಿಂದ ಐದನೇ ತರಗತಿಯಲ್ಲಿ ಮಕ್ಕಳು 200 ದಾಟಿದರೆ 40 ಮಕ್ಕಳಿಗೆ ಒಬ್ಬರಂತೆ ಶಿಕ್ಷಕರು ಬೇಕು, ಈ ಎಣಿಕೆಯಲ್ಲಿ ಮುಖ್ಯ ಶಿಕ್ಷಕರು ಸೇರುವುದಿಲ್ಲ. ನಿಮ್ಮ 290 ಮಕ್ಕಳಿಗೆ ಎಂಟು ಮಂದಿ ಆಯಿತು. ಆರನೇ ತರಗತಿಯಿಂದ ಮೇಲೆ 35ಕ್ಕೆ ಒಬ್ಬರು. 122 ಮಕ್ಕಳಿಗೆ ನಾಲ್ವರು. ಒಟ್ಟು ಹನ್ನೆರಡು ಶಿಕ್ಷಕರು ಬೇಕಾದಲ್ಲಿ ಕಾಗದದ ಮೇಲೆ ಎಂಟು ಮಂದಿ, ತರಗತಿಯಲ್ಲಿ ಏಳೇ ಮಂದಿ. ಪ್ರತಿ ಶಿಕ್ಷಕರಿಗೆ ಕನಿಷ್ಠ ಒಂದು ಕೊಠಡಿ ಮತ್ತು ಮುಖ್ಯ ಶಿಕ್ಷಕರ ಕೊಠಡಿ, ಕಚೇರಿ, ದಾಸ್ತಾನು ಎಲ್ಲಕ್ಕೂ ಸೇರಿ ಇನ್ನೊಂದು ಇರಬೇಕು ಎಂದೂ ಅದೇ ಅನುಸೂಚಿ ಹೇಳುತ್ತದೆ. ನಿಮ್ಮಲ್ಲಿ ಸೋರದ ಕೊಠಡಿಗಳು ಏಳು.

ಅಂದರೆ ‘ನಮ್ಮ ಶಾಲೆ ತುಂಬಿದೆ’ ಎಂಬ ಗೊಣಗಾಟ ‘ಐದು ಶಿಕ್ಷಕರು ಮತ್ತು ಆರು ಕೊಠಡಿಗಳ ಕೊರತೆ ಇದೆ’ ಎಂಬ ವಾಕ್ಯವಾಯಿತು. ಮೊದಲನೆಯದನ್ನು ಯಾವ ಅಧಿಕಾರಿಯೂ ತಲೆಯಾಡಿಸಿ ಕಳುಹಿಸಿಬಿಡಬಹುದು. ಎರಡನೆಯದಕ್ಕೆ ಲಿಖಿತ ಉತ್ತರ ಕೊಡಬೇಕಾಗುತ್ತದೆ.

ಒಂದು ಸೂಕ್ಷ್ಮವಿದೆ. ಈ ಅನುಪಾತವನ್ನು ಲೆಕ್ಕ ಹಾಕುವುದು ಇಡೀ ಶಾಲೆಗೆ, ತರಗತಿವಾರು ಅಲ್ಲ. ನಾಳೆ ಶಿಕ್ಷಕರೆಲ್ಲ ಬಂದು ಸರಾಸರಿ 34ಕ್ಕೆ ಇಳಿದರೂ ಒಂದನೇ ತರಗತಿಯಲ್ಲಿ 68 ಮಕ್ಕಳು ಹಾಗೆಯೇ ಉಳಿಯಬಹುದು, ಸರಾಸರಿ ಮಾತ್ರ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಒಂದನೇ ತರಗತಿಗೆ ಕಲಿಸುವ ನಲಿ-ಕಲಿ ಪದ್ಧತಿ ಹುಟ್ಟಿದ್ದು ನಮ್ಮದೇ ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, 1995ರಲ್ಲಿ. ಮಕ್ಕಳು ಗುಂಪು ಗುಂಪಾಗಿ ‘ತಟ್ಟೆ’ಗಳಲ್ಲಿ ಕೂತು, ಕಲಿಕಾ ಏಣಿಯ ಮೇಲೆ ತಮ್ಮ ಮೆಟ್ಟಿಲು ಹುಡುಕಿಕೊಂಡು, ಕಾರ್ಡು ಎತ್ತಿಕೊಂಡು ಬಂದು ಓದುವ ಪದ್ಧತಿ ಅದು. 68 ಮಕ್ಕಳನ್ನು ಐದು ತಟ್ಟೆಗೆ ಹಂಚಿ ನೋಡಿ: ಒಂದೊಂದರ ಸುತ್ತ ಹದಿಮೂರು ಹದಿನಾಲ್ಕು ಮಕ್ಕಳು, ಮೊಣಕಾಲಿಗೆ ಮೊಣಕಾಲು ತಾಗುತ್ತದೆ, ಕಾರ್ಡು ತರಲು ಎದ್ದ ಮಗು ಇನ್ನೊಂದರ ಸ್ಲೇಟು ತುಳಿಯುತ್ತದೆ. ಶಿಕ್ಷಕಿ ಒಂದು ತಟ್ಟೆಯಿಂದ ಇನ್ನೊಂದಕ್ಕೆ ಹೋಗಲು ದಾರಿಯೇ ಇರುವುದಿಲ್ಲ. ಕೊನೆಗೆ ಆಕೆ ಗೋಡೆಗೆ ಒರಗಿ ನಿಂತು ‘ಅ ಆ ಇ ಈ’ ಒಟ್ಟಿಗೆ ಹೇಳಿಸುತ್ತಾರೆ. ಆಕೆಯನ್ನು ದೂರುವಂತಿಲ್ಲ.

ಆದ್ದರಿಂದ ಈ ವಾರವೇ ಒಂದನೇ ತರಗತಿಯನ್ನು ಎರಡು ವಿಭಾಗ ಮಾಡಲು ಸಭೆಯಲ್ಲಿ ನಿರ್ಣಯ ಮಾಡಿ, ಖಾಲಿ ಹುದ್ದೆಗಳಿಗೆ ಅತಿಥಿ ಶಿಕ್ಷಕರನ್ನು ಕೇಳಿ. ಹತ್ತಿರದಲ್ಲಿ ಸಮುದಾಯ ಭವನವೋ ಬೇರೆ ಸರ್ಕಾರಿ ಕಟ್ಟಡವೋ ಇದ್ದರೆ ತಾತ್ಕಾಲಿಕವಾಗಿ ಪಡೆಯಿರಿ. ಆದರೆ ಅಲ್ಲಿಗೆ ಕಳುಹಿಸುವುದಾದರೆ ಐದು, ಆರನೇ ತರಗತಿಯ ದೊಡ್ಡ ಮಕ್ಕಳನ್ನು ಕಳುಹಿಸಿ; ಆರು ವರ್ಷದ ಮಗುವನ್ನು ಊಟಕ್ಕೂ ಶೌಚಾಲಯಕ್ಕೂ ರಸ್ತೆ ದಾಟಿಸಬೇಡಿ.

ನಿಯೋಜನೆಯ ಮೇಲಿರುವ ಶಿಕ್ಷಕರ ವಿಚಾರದಲ್ಲಿ ನೀವು ಮುಲಾಜು ನೋಡಬೇಕಿಲ್ಲ. ಒಂದು ಶಾಲೆಗೆ ನೇಮಿಸಿದ ಶಿಕ್ಷಕರನ್ನು ಬೇರೆ ಶಾಲೆಗೋ ಕಚೇರಿಗೋ ದುಡಿಸಬಾರದು ಎಂದು ಕಾಯ್ದೆಯ 25ನೇ ಕಲಂ ಹೇಳುತ್ತದೆ. 27ನೇ ಕಲಂ ಕೊಡುವ ವಿನಾಯಿತಿ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆಗೆ ಮಾತ್ರ. ಈ ಎರಡು ಕಲಂಗಳ ಸಂಖ್ಯೆಯನ್ನು ನಿರ್ಣಯದಲ್ಲಿ ಬರೆದು, ಅವರನ್ನು ಮರಳಿ ಕಳುಹಿಸುವಂತೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಕೊಡಿ, ಪ್ರತಿಯನ್ನು ಉಪನಿರ್ದೇಶಕರಿಗೆ ಕಳುಹಿಸಿ, ಸ್ವೀಕೃತಿ ಪಡೆಯಿರಿ. ಉತ್ತರ ಬಾರದಿದ್ದರೆ 32ನೇ ಕಲಂ ಪ್ರಕಾರ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು, ಅದನ್ನು ಮೂರು ತಿಂಗಳಲ್ಲಿ ತೀರ್ಮಾನಿಸಬೇಕು. ಅಲ್ಲಿಯೂ ಸಮಾಧಾನವಾಗದಿದ್ದರೆ ಮೇಲ್ಮನವಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ.

ಇನ್ನು ಕೊಠಡಿ. ನಿಮ್ಮ ಶಾಲೆಗೆ ಸಮಗ್ರ ಶಿಕ್ಷಣ ಯೋಜನೆಯಿಂದ ಬರುವ ಶಾಲಾ ಅನುದಾನ ವರ್ಷಕ್ಕೆ 75,000 ರೂಪಾಯಿ. 251ರಿಂದ 1000 ಮಕ್ಕಳಿರುವ ಶಾಲೆಗೆ ನಿಗದಿಯಾದ ಮೊತ್ತ ಅದು. ಅದರಲ್ಲಿ ಸೀಮೆಸುಣ್ಣ, ವಿದ್ಯುತ್ ಬಿಲ್ಲು, ನಲ್ಲಿ ದುರಸ್ತಿ, ಸ್ವಚ್ಛತೆ ಎಲ್ಲ ಮುಗಿಯಬೇಕು. ಕೊಠಡಿ ಅದರಲ್ಲಿ ಏಳುವುದಿಲ್ಲ. ಅದಕ್ಕಿರುವ ದಾರಿ ಶಾಲಾ ಅಭಿವೃದ್ಧಿ ಯೋಜನೆ. 22ನೇ ಕಲಂ ಪ್ರಕಾರ ಇದನ್ನು ತಯಾರಿಸುವುದು ನಿಮ್ಮ ಸಮಿತಿಯೇ. ಸರ್ಕಾರ ಕೊಡುವ ಅನುದಾನಕ್ಕೆ ಇದೇ ಆಧಾರ. ಮೂರು ವರ್ಷದ ಯೋಜನೆ, ತರಗತಿವಾರು ಮಕ್ಕಳ ಅಂದಾಜು, ಬೇಕಾಗುವ ಶಿಕ್ಷಕರು, ಕೊಠಡಿ, ಹಣ ಎಲ್ಲವೂ ಅದರಲ್ಲಿ ಇರಬೇಕು. ಆರ್ಥಿಕ ವರ್ಷ ಮುಗಿಯಲು ಮೂರು ತಿಂಗಳು ಇರುವಾಗಲೇ ಸಿದ್ಧವಾಗಬೇಕು ಎನ್ನುತ್ತವೆ ಕೇಂದ್ರದ ಮಾದರಿ ನಿಯಮಗಳು. ಅಂದರೆ ಡಿಸೆಂಬರ್ ಒಳಗೆ. ನಮ್ಮ ಸಮಿತಿಗಳು ಎಚ್ಚೆತ್ತುಕೊಳ್ಳುವುದು ಜೂನ್‌ನಲ್ಲಿ, ಅಷ್ಟರಲ್ಲಿ ಬಜೆಟ್ ಮುಗಿದು ಹಂಚಿಕೆಯೂ ಆಗಿರುತ್ತದೆ. ಬಹಳಷ್ಟು ಶಾಲೆಗಳಲ್ಲಿ ಈ ಯೋಜನೆಯನ್ನು ಹಿಂದಿನ ವರ್ಷದ್ದನ್ನೇ ನಕಲು ಮಾಡಿ ಅಧ್ಯಕ್ಷರಿಂದ ಸಹಿ ಹಾಕಿಸಿಕೊಳ್ಳಲಾಗುತ್ತದೆ. ಸ್ವಾತಂತ್ರ್ಯ ದಿನಾಚರಣೆಯ ಶಾಮಿಯಾನಕ್ಕೆ ಎರಡು ಗಂಟೆ ಚರ್ಚೆ ನಡೆಸುವ ಸಮಿತಿ ಈ ಕಡತಕ್ಕೆ ಎರಡು ನಿಮಿಷ ಕೊಡುವುದಿಲ್ಲ.

ಮುಂದಿನ ವರ್ಷ ಎಷ್ಟು ಮಕ್ಕಳು ಬರುತ್ತಾರೆ ಎಂದು ತಿಳಿಯಲು ಜ್ಯೋತಿಷಿ ಬೇಕಿಲ್ಲ. ಸುತ್ತಲಿನ ಅಂಗನವಾಡಿಗಳ ದಾಖಲೆಯಲ್ಲಿ ನಾಲ್ಕು, ಐದು ವರ್ಷದ ಮಕ್ಕಳು ಎಷ್ಟಿದ್ದಾರೆ ಎಂದು ಕಾರ್ಯಕರ್ತೆಯರನ್ನು ಕೇಳಿ. ಅದೇ ನಿಮ್ಮ ಎರಡು ವರ್ಷದ ಒಂದನೇ ತರಗತಿ.

ಪ್ರಶ್ನೆ: ಮಂಡ್ಯ ತಾಲ್ಲೂಕಿನ ನಮ್ಮ ಶಾಲೆಯಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ಬಂದ ಮೇಲೆ ನೂಕುನುಗ್ಗಲು. ಎರಡು ಕಿಲೋಮೀಟರ್ ಆಚೆಯ ಶಾಲೆಯಲ್ಲಿ ಒಂಬತ್ತು ಮಕ್ಕಳು, ಇಬ್ಬರು ಶಿಕ್ಷಕರು. ಅದನ್ನು ಮುಚ್ಚಿ ಆ ಶಿಕ್ಷಕರನ್ನು ನಮಗೆ ಕೊಟ್ಟರೆ ಸಮಸ್ಯೆ ಬಗೆಹರಿಯುವುದಿಲ್ಲವೇ?

ಉತ್ತರ: ಬಗೆಹರಿಯುವುದಿಲ್ಲ ಸ್ವಾಮಿ. ಅವರಲ್ಲಿ ಮಕ್ಕಳು ಕಡಿಮೆಯಾಗಿದ್ದಕ್ಕೆ ನಿಮ್ಮ ಇಂಗ್ಲಿಷ್ ವಿಭಾಗವೂ ಒಂದು ಕಾರಣ ಇರಬಹುದು, ಅದನ್ನು ಮೊದಲು ಒಪ್ಪಿಕೊಳ್ಳಿ. 60ರವರೆಗೆ ಮಕ್ಕಳಿರುವ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು ಎಂಬುದು ಕಾಯ್ದೆಯ ಕನಿಷ್ಠ. ಆದ್ದರಿಂದ ಆ ಇಬ್ಬರು ‘ಹೆಚ್ಚುವರಿ’ ಆಗುವುದಿಲ್ಲ. ಹೆಚ್ಚುವರಿ ಶಿಕ್ಷಕರು ನಿಜವಾಗಿ ಎಲ್ಲಿದ್ದಾರೆಂದು ಲೆಕ್ಕ ಹಾಕಿ, ಕೌನ್ಸೆಲಿಂಗ್ ಮೂಲಕ ಕೊರತೆಯಿರುವ ಕಡೆ ಕಳುಹಿಸುವ ಕ್ರಮ ಇಲಾಖೆಯಲ್ಲಿದೆ. ಅದಕ್ಕೆ ಆಧಾರ ಎಸ್‌ಎಟಿಎಸ್ ತಂತ್ರಾಂಶದಲ್ಲಿರುವ ನಿಮ್ಮ ದಾಖಲಾತಿ. ಟಿಸಿ ಬರಲಿಲ್ಲ ಎಂದು ಮಗುವಿನ ಹೆಸರು ಸೇರಿಸದೆ ಬಿಟ್ಟರೆ ಆ ಮಗು ಕಾಗದದಲ್ಲಿ ಇಲ್ಲ, ಅದಕ್ಕೆ ಶಿಕ್ಷಕರೂ ಇಲ್ಲ. ಟಿಸಿ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ ಎಂಬುದೂ ಕಾಯ್ದೆಯಲ್ಲೇ ಇದೆ. ಕಬ್ಬು ಕಡಿಯಲು ಬರುವವರ ಮಕ್ಕಳ ವಿಷಯದಲ್ಲಿ ನಿಮ್ಮ ಜಿಲ್ಲೆಯಲ್ಲಿ ಇದನ್ನು ವಿಶೇಷವಾಗಿ ನೋಡಿಕೊಳ್ಳಬೇಕು.

ಇನ್ನು ಇಂಗ್ಲಿಷ್ ವಿಭಾಗ. 2019ರಲ್ಲಿ ರಾಜ್ಯದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇದನ್ನು ಆರಂಭಿಸಿದಾಗ ತರಗತಿಗೆ 30 ಮಕ್ಕಳ ಮಿತಿ ಇಟ್ಟಿದ್ದರು. ಆ ಮಿತಿಯನ್ನು ಒತ್ತಡಕ್ಕೆ ಮಣಿದು ಮುರಿದ ಶಾಲೆಗಳೇ ಇಂದು ಉಸಿರುಗಟ್ಟಿವೆ. ನನ್ನ ಅಭಿಪ್ರಾಯ ಕೇಳಿದರೆ, ಪಕ್ಕದ ಶಾಲೆಯನ್ನು ಮುಚ್ಚಿಸುವ ಬದಲು ಎರಡೂ ಸಮಿತಿಗಳು ಒಟ್ಟಿಗೆ ಕೂತು ಆ ಶಾಲೆಗೂ ಇಂಗ್ಲಿಷ್ ವಿಭಾಗ ಕೇಳುವುದು ಮೇಲು. ಮುಚ್ಚಿದ ಶಾಲೆ ಮತ್ತೆ ತೆರೆಯುವುದು ಬಲು ಕಷ್ಟ.

ಪ್ರಶ್ನೆ: ಪಾಳಿಯಲ್ಲಿ ಶಾಲೆ ನಡೆಸಿದರೆ ಹೇಗೆ? ಬೆಳಿಗ್ಗೆ ಅರ್ಧ, ಮಧ್ಯಾಹ್ನ ಅರ್ಧ.

ಉತ್ತರ: ಲೆಕ್ಕಕ್ಕೆ ಸರಿಹೋಗುತ್ತದೆ. ಒಂದರಿಂದ ಐದಕ್ಕೆ ವರ್ಷದಲ್ಲಿ 200 ದಿನ, 800 ಗಂಟೆ. ಆರರಿಂದ ಎಂಟಕ್ಕೆ 220 ದಿನ, 1000 ಗಂಟೆ ಬೋಧನೆ ಬೇಕು. ದಿನಕ್ಕೆ ನಾಲ್ಕು, ನಾಲ್ಕೂವರೆ ಗಂಟೆ. ಆದರೆ ಅದೇ ಶಿಕ್ಷಕರು ಎರಡೂ ಪಾಳಿಗೆ ನಿಲ್ಲಬೇಕೆಂದರೆ ಆಗದು, ಮತ್ತು ಕೂಲಿಗೆ ಹೋಗುವ ತಾಯಿ ಹನ್ನೆರಡೂವರೆಗೆ ಮನೆಗೆ ಬಂದ ಮಗುವನ್ನು ಯಾರ ಕೈಗೆ ಕೊಡುತ್ತಾಳೆ? ಕೊಠಡಿ ಕಟ್ಟುವ ಒಂದು ವರ್ಷಕ್ಕೆ ಮಾತ್ರ, ಇಲಾಖೆಯ ಲಿಖಿತ ಒಪ್ಪಿಗೆಯೊಂದಿಗೆ, ಮುಗಿಯುವ ದಿನಾಂಕವನ್ನು ನಿರ್ಣಯದಲ್ಲೇ ಬರೆದು ಮಾಡಿ.

ಪ್ರಶ್ನೆ: ನನ್ನ ಮಗ ಮೈಸೂರಿನ ಖಾಸಗಿ ಶಾಲೆಯಲ್ಲಿ ಓದುತ್ತಾನೆ. ಒಂದು ಸೆಕ್ಷನ್‌ನಲ್ಲಿ 58 ಮಕ್ಕಳು. ಅಲ್ಲಿ ಎಸ್‌ಡಿಎಂಸಿ ಇಲ್ಲವೇ?

ಉತ್ತರ: ಅನುದಾನರಹಿತ ಶಾಲೆಗಳಿಗೆ ಆ ಸಮಿತಿ ಕಡ್ಡಾಯವಿಲ್ಲ. ಅನುದಾನಿತ ಶಾಲೆಯಾದರೆ ಇರಬೇಕು, ಆದರೆ 2012ರ ತಿದ್ದುಪಡಿಯ ನಂತರ ಅದು ಸಲಹೆ ಕೊಡುವ ಸಮಿತಿ ಮಾತ್ರ. ಶಾಲೆ ಸಿಬಿಎಸ್‌ಇಗೆ ಸೇರಿದ್ದರೆ ಆ ಮಂಡಳಿಯ ಸಂಯೋಜನಾ ನಿಯಮಗಳಲ್ಲಿ ಸೆಕ್ಷನ್‌ಗೆ ಸೂಕ್ತ ಸಂಖ್ಯೆ 40, ಪ್ರತಿ ಮಗುವಿಗೆ ಕನಿಷ್ಠ ಒಂದು ಚದರ ಮೀಟರ್ ಜಾಗ ಎಂದಿದೆ. ಟೇಪು ಹಿಡಿದು ಅಳೆಯಲು ಬಿಡುವುದಿಲ್ಲ ಎನ್ನುತ್ತೀರಾ? ನೆಲದ ಟೈಲ್ಸ್ ಎಣಿಸಿ. ಶಾಲೆ ಬೇರೆ ಮಂಡಳಿಯದಾದರೂ ಕಾಯ್ದೆಯ ಅನುಸೂಚಿ ಖಾಸಗಿ ಶಾಲೆಗೂ ಅನ್ವಯಿಸುತ್ತದೆ. ಪೋಷಕರು ಹತ್ತು ಮಂದಿ ಸೇರಿ ಸಹಿ ಮಾಡಿ ಬರೆಯಿರಿ, ಒಬ್ಬರೇ ಹೋದರೆ ಮಗುವಿನ ಮೇಲೆ ಕಣ್ಣು ಬೀಳುತ್ತದೆ ಎಂಬ ಅಂಜಿಕೆ ನಿಮಗೂ ಇರುತ್ತದೆ.

ಪ್ರಶ್ನೆ: ಶಾಸಕರ ನಿಧಿಯಿಂದ ಎರಡು ಕೊಠಡಿ ಮಂಜೂರಾಗಿದೆ. ಆಟದ ಮೈದಾನದಲ್ಲಿ ಕಟ್ಟಲು ಗುದ್ದಲಿ ಪೂಜೆಗೆ ದಿನ ಗೊತ್ತಾಗಿದೆ. ಸದಸ್ಯೆಯಾದ ನನಗೆ ಸಭೆಯ ಸೂಚನೆಯೇ ಬಂದಿಲ್ಲ, ಯಜಮಾನರನ್ನು ಕರೆದು ಸಹಿ ಹಾಕಿಸಿಕೊಂಡಿದ್ದಾರೆ. ಈಗ ತಡೆಯಬಹುದೇ?

ಉತ್ತರ: ನಿಮ್ಮ ಯಜಮಾನರ ಸಹಿಗೆ ಬೆಲೆ ಇಲ್ಲ ತಾಯಿ. ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕೆಂದು 21ನೇ ಕಲಂ ಹೇಳಿರುವುದು ಗಂಡಂದಿರನ್ನು ಸಭೆಗೆ ಕರೆಯುವುದಕ್ಕಲ್ಲ. ಸದಸ್ಯ ಕಾರ್ಯದರ್ಶಿಯಾದ ಮುಖ್ಯ ಶಿಕ್ಷಕರಿಗೆ ‘ನಾನು ಆ ಸಭೆಯಲ್ಲಿ ಇರಲಿಲ್ಲ, ಸಹಿ ನನ್ನದಲ್ಲ’ ಎಂದು ಎರಡು ಸಾಲು ಬರೆದು ಕೊಡಿ, ಮತ್ತೆ ಸಭೆ ಕರೆಯಲು ಕೇಳಿ.

ಕೊಠಡಿಯನ್ನು ಬೇಡ ಎನ್ನಬೇಡಿ. ಬಂದ ಹಣ ವಾಪಸು ಹೋದರೆ ಊರಿನವರು ನಿಮ್ಮನ್ನೇ ಬೈಯುತ್ತಾರೆ. ಜಾಗ ಬದಲಾಯಿಸಿ ಎನ್ನಿ. ಆಟದ ಮೈದಾನವೂ ಅದೇ ಅನುಸೂಚಿಯಲ್ಲಿರುವ ಅಗತ್ಯ. ಹಳೆಯ ಕಟ್ಟಡದ ತಳಪಾಯ ಮೊದಲ ಮಹಡಿಯನ್ನು ತಡೆಯುತ್ತದೆಯೇ ಎಂದು ಎಂಜಿನಿಯರ್ ಅವರಿಂದ ಬರಹದಲ್ಲಿ ಪಡೆಯಿರಿ. ತಡೆಯುವುದಾದರೆ ಮೇಲೆ ಕಟ್ಟಿ, ಮೆಟ್ಟಿಲು ಅಗಲವಾಗಿರಲಿ, ಚಿಕ್ಕ ತರಗತಿಗಳು ಕೆಳಗೇ ಇರಲಿ. ತಡೆಯದಿದ್ದರೆ ಶಿಥಿಲವಾದ ಕೊಠಡಿಯನ್ನು ಕೆಡವಲು ಅನುಮತಿ ಪಡೆದು ಅದೇ ಪಾಯದ ಜಾಗದಲ್ಲಿ ಏಳಲಿ. ನಿಮ್ಮದು ಹೊಸ ಬಡಾವಣೆಗಳ ನಡುವಿನ ಶಾಲೆ ಎಂದು ಬರೆದಿದ್ದೀರಿ. ಹಾಗಿದ್ದರೆ ಬಡಾವಣೆಯ ಅನುಮೋದಿತ ನಕ್ಷೆಯ ಪ್ರತಿಯನ್ನು ಮಾಹಿತಿ ಹಕ್ಕಿನಡಿ ಕೇಳಿ, ಅದರಲ್ಲಿ ಸಿಎ (ನಾಗರಿಕ ಸೌಲಭ್ಯ) ನಿವೇಶನ ಎಂದು ಗುರುತಿಸಿದ್ದು ಖಾಲಿ ಇದೆಯೇ ನೋಡಿ. ಮನೆಗಳಿಗೆ ಜಾಗ ಬಿಟ್ಟವರು ಸಾರ್ವಜನಿಕ ಸೌಲಭ್ಯಕ್ಕೂ ಬಿಟ್ಟಿರುತ್ತಾರೆ. ಯಾರಾದರೂ ಅರ್ಜಿ ಹಾಕುವವರೆಗೆ ಅದರಲ್ಲಿ ಪಾರ್ಥೇನಿಯಂ ಬೆಳೆಯುತ್ತಿರುತ್ತದೆ. ಶಾಲೆಗೆ ಕೊಡಿ ಎಂಬ ಸಮಿತಿಯ ನಿರ್ಣಯವನ್ನು ನಗರಾಭಿವೃದ್ಧಿ ಪ್ರಾಧಿಕಾರಕ್ಕೂ ಉಪನಿರ್ದೇಶಕರಿಗೂ ಒಂದೇ ದಿನ ಕೊಡಿ. ಗುದ್ದಲಿ ಪೂಜೆಯ ದಿನಕ್ಕೆ ಮೊದಲು ಆ ಸಭೆ ನಡೆಯಲೇಬೇಕು, ಆದ್ದರಿಂದ ಎರಡು ಸಾಲಿನ ಪತ್ರವನ್ನು ನಾಳೆಯೇ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.