1860ರ ದಶಕದ ಅಮೆರಿಕದಲ್ಲಿ ಸೀಮೆಎಣ್ಣೆ ದೀಪಗಳು ಯಾಕೆ ಸಿಡಿಯುತ್ತಿದ್ದವು? ತಿಮಿಂಗಿಲದ ಎಣ್ಣೆಗೆ ಆ ಕಾಟ ಇರಲಿಲ್ಲವಲ್ಲ?

ತಪ್ಪು ಸೀಮೆಎಣ್ಣೆಯದಲ್ಲ, ಅದರಲ್ಲಿ ಉಳಿದಿದ್ದ ನಾಫ್ತಾದ್ದು. ನಾಫ್ತಾ ಅಂದರೆ ಪೆಟ್ರೋಲಿನಂಥ ಹಗುರ ದ್ರವ.

ಕಚ್ಚಾ ತೈಲವನ್ನು ಕಬ್ಬಿಣದ ಹಂಡೆಯಲ್ಲಿ ಕಾಯಿಸಿದರೆ ಮೊದಲು ಆವಿಯಾಗಿ ಬರುವುದು ನಾಫ್ತಾ, ಆಮೇಲೆ ಸೀಮೆಎಣ್ಣೆ, ಕೊನೆಗೆ ಮಂದ ಎಣ್ಣೆ. ಮೊದಲ ಪಾಲನ್ನು ಬೇರೆಯಾಗಿ ಹಿಡಿಯಬೇಕು. ಆದರೆ ಮೋಟಾರು ಗಾಡಿಗಳಿಲ್ಲದ ಆ ಕಾಲದಲ್ಲಿ ಅದಕ್ಕೆ ಗಿರಾಕಿಗಳೇ ಕಡಿಮೆ. ಹಾಗಾಗಿ ಸೀಮೆಎಣ್ಣೆಗೇ ಸೇರಿಸಿ ಮಾರುತ್ತಿದ್ದರು. ಹಾಲಿಗೆ ನೀರು ಬೆರೆಸಿದರೆ ರುಚಿ ಕೆಡುತ್ತದೆ ಅಷ್ಟೆ. ಇಲ್ಲಿ ಮನೆಗೇ ಬೆಂಕಿ.

ಉರಿಯುತ್ತಾ ದೀಪದ ಬುರುಡೆ ಬಿಸಿಯಾಗುತ್ತದೆ. ಎಣ್ಣೆ ಇಳಿದಂತೆ ಮೇಲಿನ ಖಾಲಿ ಜಾಗದಲ್ಲಿ ನಾಫ್ತಾ ಆವಿ ಗಾಳಿಯೊಂದಿಗೆ ಬೆರೆಯುತ್ತದೆ. ಬತ್ತಿಯ ಸಂದಿಯಿಂದ ಜ್ವಾಲೆ ಒಳಗಿಳಿದರೆ ಮುಗಿಯಿತು. ಉರಿಯುವ ದೀಪಕ್ಕೆ ಎಣ್ಣೆ ತುಂಬಿಸುವುದು, ಚಿಮಣಿಯ ಮೇಲಿನಿಂದ ಊದಿ ಆರಿಸುವುದು ಇದಕ್ಕೇ ಅಪಾಯ. ತಿಮಿಂಗಿಲದ ಎಣ್ಣೆಯಾದರೋ 200 ಡಿಗ್ರಿ ಸೆಲ್ಸಿಯಸ್ ದಾಟುವ ತನಕ ಹೊತ್ತಿಕೊಳ್ಳುವಷ್ಟು ಆವಿಯನ್ನೇ ಬಿಡುವುದಿಲ್ಲ.

ಎಣ್ಣೆಯನ್ನು ಬಟ್ಟಲಲ್ಲಿ ನಿಧಾನವಾಗಿ ಕಾಯಿಸಿ, ಕಿರುಜ್ವಾಲೆ ತೋರಿಸಿ, ಆವಿ ಯಾವ ತಾಪದಲ್ಲಿ ಭಗ್ಗೆನ್ನುತ್ತದೆ ಎಂದು ನೋಡಿದರೆ ಕಲಬೆರಕೆ ಸಿಕ್ಕಿಬೀಳುತ್ತದೆ. ಬಟ್ಟಲನ್ನು ಮುಚ್ಚಿ ಮಾಡುವ ಇಂಥದೇ ಏಬೆಲ್ ಪರೀಕ್ಷೆಯಲ್ಲಿ, ಎಷ್ಟು ತಾಪದೊಳಗೆ ಆವಿ ಹೊತ್ತಿಕೊಳ್ಳಬಾರದು ಎಂಬುದಕ್ಕೆ ಬ್ರಿಟನ್ 1879ರಲ್ಲಿ ಇಟ್ಟ ಮಿತಿ 73 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 23 ಡಿಗ್ರಿ ಸೆಲ್ಸಿಯಸ್. ತೀರಾ ಸಡಿಲವೇ.