ಟ್ಯಾನ್ ಗ್ರಾಫನ್ನು ಮೊದಲು ಸರಿಸಬೇಕೇ, ಮೊದಲು ಕುಗ್ಗಿಸಬೇಕೇ?

ವೈ = 4 ಟ್ಯಾನ್(3ಎಕ್ಸ್ + ಪೈ/4) − 1 ಎಂಬುದರ ಲಂಬ ಅಸಿಂಪ್ಟೋಟ್‌ಗಳನ್ನು, ಅಂದರೆ ವಕ್ರರೇಖೆ ಹತ್ತಿರ ಹತ್ತಿರ ಹೋದರೂ ಎಂದೂ ಮುಟ್ಟದ ನೆಟ್ಟನೆಯ ಗೆರೆಗಳನ್ನು, ಹುಡುಕಲು ಗ್ರಾಫನ್ನು ಮೊದಲು ಸರಿಸಬೇಕೇ, ಕುಗ್ಗಿಸಬೇಕೇ ಎಂದು ಕೇಳಿದ್ದೀರಿ. ಉಡುಪಿಯಲ್ಲಿ ಪ್ರಥಮ ಪಿಯುಸಿ ಓದುತ್ತಿದ್ದಾಗ ನನ್ನನ್ನೂ ಇದೇ ಗೊಂದಲ ಕಾಡಿತ್ತು. ಆದರೆ ನನ್ನ ಅಂಕ ಹೋದದ್ದು ಬೇರೆ ಕಾರಣಕ್ಕೆ.

ಕಿರುಪರೀಕ್ಷೆಯಲ್ಲಿ ವೈ = ಟ್ಯಾನ್(2ಎಕ್ಸ್ − ಪೈ/3) ಕೊಟ್ಟು, 0ಯಿಂದ 2ಪೈವರೆಗೆ ಗ್ರಾಫ್ ಬರೆಯಲು ಹೇಳಿದ್ದರು. ನಾನು 2ಎಕ್ಸ್ − ಪೈ/3 = ಪೈ/2 ಎಂದು ಬರೆದು, ಎಕ್ಸ್ = 5ಪೈ/12 ಎಂದು ಸರಿಯಾಗಿಯೇ ಬಿಡಿಸಿದೆ. ಆಮೇಲೆ ಟ್ಯಾನ್ ಪೈಗೊಮ್ಮೆ ಮರುಕಳಿಸುತ್ತದೆ ಎಂಬುದು ನೆನಪಾಗಿ, ಕೊನೆಗೆ ‘+ ಎನ್‌ಪೈ’ (ಎನ್ ಎಂದರೆ ಯಾವುದೇ ಪೂರ್ಣಾಂಕ) ಎಂದು ಸೇರಿಸಿಬಿಟ್ಟೆ. ಡಿಗ್ರಿಯಲ್ಲಿ ಹೇಳುವುದಾದರೆ (ಪೈ ಎಂದರೆ 180 ಡಿಗ್ರಿ) 75 ಮತ್ತು 255ರಲ್ಲಿ ಎರಡು ಚುಕ್ಕಿಗೆರೆ ಎಳೆದು, ಅವುಗಳ ನಡುವೆ 165ರಲ್ಲಿ ಅಕ್ಷವನ್ನು ದಾಟುವಂತೆ ಒಂದು ಅಂದವಾದ ವಕ್ರರೇಖೆಯನ್ನು ಬರೆದೆ. ಇಡೀ ಪ್ರಶ್ನೆಗೆ ಸಿಕ್ಕಿದ್ದು ಒಂದೇ ಅಂಕ.

ಆ ಸಂಜೆ ಆಟಿ ತಿಂಗಳ ಮಳೆ ಜಗಲಿಗೆ ಎರಚುತ್ತಿತ್ತು, ಗ್ರಾಫ್ ಹಾಳೆ ಮೆತ್ತಗಾಗಿತ್ತು. ಬಿಎಸ್ಸಿ ಓದುತ್ತಿದ್ದ ಅಕ್ಕ ಏನನ್ನೂ ವಿವರಿಸದೆ, ಕ್ಯಾಲ್ಕ್ಯುಲೇಟರನ್ನು ನನ್ನ ಕಡೆ ತಳ್ಳಿ, “165 ಹಾಕಿ ನೋಡು ಮಾರಾಯ” ಎಂದಳು. 165ರ ಎರಡರಷ್ಟು 330, ಅದರಲ್ಲಿ 60 ಕಳೆದರೆ 270. ಟ್ಯಾನ್ 270 ಒತ್ತಿದರೆ ಪರದೆಯ ಮೇಲೆ ‘ಎರರ್’. ಬೆಲೆಯೇ ಇಲ್ಲದ ಜಾಗದಲ್ಲಿ ನಾನು ಸೊನ್ನೆಯನ್ನು ಕೂರಿಸಿದ್ದೆ!

ತಪ್ಪು ಇಷ್ಟೇ: ಪೈಗೊಮ್ಮೆ ಮರುಕಳಿಸುವುದು ಆವರಣದೊಳಗಿನ ಕೋನವೇ ಹೊರತು ಎಕ್ಸ್ ಅಲ್ಲ. ಕೋನವು ಪೈಯಷ್ಟು ಮುಂದೆ ಹೋಗಲು ಎಕ್ಸ್ ಪೈ/2ರಷ್ಟು ಸರಿದರೆ ಸಾಕು. ಆದ್ದರಿಂದ ಎನ್‌ಪೈ ಮೊದಲ ಸಾಲಿನಲ್ಲೇ ಇರಬೇಕು. ಭಾಗಿಸುವಾಗ ಅದೂ ಭಾಗವಾಗಬೇಕು. ಹಾಗೆ ಮಾಡಿದರೆ 5ಪೈ/12 + ಎನ್‌ಪೈ/2 ಬರುತ್ತದೆ, ಅಂದರೆ 75, 165, 255, 345 ಎಂಬ ನಾಲ್ಕು ಗೆರೆಗಳು. ನಾನು ಒಂದು ಬಿಟ್ಟು ಒಂದನ್ನು ನುಂಗಿಹಾಕಿದ್ದೆ.

ಹೀಗಾಗಿ ನಿಮ್ಮ ಪ್ರಶ್ನೆಯೇ ಬೇಡವೆಂಬುದು ನನ್ನ ಅಭಿಪ್ರಾಯ. ಅಸಿಂಪ್ಟೋಟ್‌ಗಾಗಿ ಗ್ರಾಫನ್ನು ಸರಿಸುವುದೂ ಬೇಡ, ಕುಗ್ಗಿಸುವುದೂ ಬೇಡ. ಟ್ಯಾನ್ ಎಂದರೆ ಸೈನನ್ನು ಕೊಸೈನಿನಿಂದ ಭಾಗಿಸಿದ್ದು. ಆ ಕೊಸೈನ್ ಎಲ್ಲಿ ಸೊನ್ನೆಯಾಗುತ್ತದೆ ಎಂಬುದೊಂದನ್ನೇ ಕೇಳಿಕೊಳ್ಳಿ. ಹೊರಗಿರುವ 4 ಮತ್ತು −1 ವಕ್ರರೇಖೆಯನ್ನು ಮೇಲೆ ಕೆಳಗೆ ಎಳೆಯುತ್ತವೆಯೇ ವಿನಾ ಗೆರೆಗಳನ್ನು ಮುಟ್ಟುವುದಿಲ್ಲ. 3ಎಕ್ಸ್ + ಪೈ/4 = ಪೈ/2 + ಎನ್‌ಪೈ ಎಂದು ಬರೆದರೆ 3ಎಕ್ಸ್ = ಪೈ/4 + ಎನ್‌ಪೈ; ಎಕ್ಸ್ = ಪೈ/12 + ಎನ್‌ಪೈ/3. ಇಲ್ಲಿ ಎನ್ ಯಾವ ಪೂರ್ಣಾಂಕವೂ ಆಗಬಹುದು. ಅಕ್ಕಪಕ್ಕದ ಎರಡು ಗೆರೆಗಳ ಅಂತರ ಪೈ/3 ಬಂದಿದೆಯೇ ಎಂದು ನೋಡಿಕೊಂಡು, ಆಮೇಲೆ ಪೆನ್ಸಿಲ್ ಹಿಡಿಯಿರಿ.