ವಿಕ್ರಾಂತ್ ಮಾಡೆಲ್‌ಗೆ ಶೋಕೇಸ್: ತೇಗವೋ ಪ್ಲೈವುಡ್ಡೋ ಅನ್ನುವ ಮೊದಲು ಸಿಲಿಕಾನ್ ಟ್ಯೂಬನ್ನು ಮೂಸಿ ನೋಡಿ

ಎರಡಡಿಯ ವಿಕ್ರಾಂತ್ ವಿಮಾನವಾಹಕ ಹಡಗಿನ ಮಾಡೆಲ್, ಪಕ್ಕದಲ್ಲಿ ಒಂದು ಮಾರುತ್ ಯುದ್ಧವಿಮಾನ, ಒಂದೆರಡು ಡೈ-ಕಾಸ್ಟ್ (ಅಚ್ಚಿನಲ್ಲಿ ಎರಕ ಹೊಯ್ದ ಲೋಹದ) ವಿಮಾನ. ಧೂಳು ಒಳಗೆ ನುಸುಳದ ಹಾಗೆ ಗಾಜಿನ ಸುತ್ತ ಸಂದಿ ಮುಚ್ಚುವ ಸಿಲಿಕಾನ್ ಅಂಟು ಹೊಡೆಸಿ ಬಂದೋಬಸ್ತು ಮಾಡಬೇಕು, ಮರ ಯಾವುದು ಒಳ್ಳೇದು ಅಂತ ಕೇಳಿದ್ದೀರಿ. ಇದೇ ಪ್ರಶ್ನೆಯನ್ನು ನಾನು ನಮ್ಮ ಆಚಾರಿಯ ಹತ್ತಿರ ಕೇಳಿದ್ದೆ. ಅವರು ಪ್ಲೈವುಡ್ ಅಂದರು, ನಾನು ಹೂಂ ಅಂದೆ. ಹದಿನಾಲ್ಕು ತಿಂಗಳಲ್ಲಿ ನನ್ನ ಹಡಗಿನ ಡೆಕ್ ಮೇಲಿದ್ದ ಪುಟ್ಟ ವಿಮಾನಗಳ ಪೈಕಿ 9 ಸೀ ಹಾಕ್‌ಗಳಲ್ಲಿ 7 ಹಾಳಾದವು, 4 ಅಲಿಝೆಗಳಲ್ಲಿ ಒಂದೂ ಉಳಿಯಲಿಲ್ಲ.

ನನ್ನದು 1961ರಲ್ಲಿ ನೌಕಾಪಡೆಗೆ ಸೇರಿದ ಹಳೆಯ ವಿಕ್ರಾಂತ್, 1/350 ಅಳತೆ. ಅಸಲಿ ಹಡಗು ಸುಮಾರು 213 ಮೀಟರ್ ಉದ್ದ ಇದ್ದದ್ದರಿಂದ ಮಾಡೆಲ್ 61 ಸೆಂ.ಮೀ. ಬರುತ್ತದೆ. ಒಡಲು ಮರದ್ದು, ಮೇಲಿನ ಕಟ್ಟಡ ಪ್ಲಾಸ್ಟಿಕ್ ಶೀಟಿನದು, ರೇಲಿಂಗ್ ಹಿತ್ತಾಳೆಯದು. ವಿಮಾನ, ಲಂಗರು, ಹಗ್ಗ ಕಟ್ಟುವ ಗೂಟಗಳು ಮಾತ್ರ ವೈಟ್ ಮೆಟಲ್‌ನಲ್ಲಿ (ತವರ, ಸೀಸದಂಥ ಮೆದು ಲೋಹಗಳ ಮಿಶ್ರಣ) ಎರಕ ಹೊಯ್ದವು. ಈ ಅಳತೆಯಲ್ಲಿ ಒಂದು ಸೀ ಹಾಕ್ ಅಂದರೆ ಮೂರೂವರೆ ಸೆಂ.ಮೀ., ಅಲಿಝೆ ನಾಲ್ಕು. ಹಳೆಯ ವೈಟ್ ಮೆಟಲ್ ಎರಕಗಳಲ್ಲಿ ಸೀಸದ ಪಾಲು ಜಾಸ್ತಿ. ಕಥೆ ಶುರುವಾಗುವುದು ಅಲ್ಲಿಂದ.

ಶೋಕೇಸ್ 18 ಎಂಎಂ ಪ್ಲೈವುಡ್‌ನದು, ಒಳಗೆ ಲ್ಯಾಮಿನೇಟ್, ಮುಂದೆ 5 ಎಂಎಂ ಗಾಜು. ಗಾಜಿನ ಸಂದಿಗೆ ಅಂಗಡಿಯಲ್ಲಿ ಸಿಕ್ಕ ಅಗ್ಗದ ಸಿಲಿಕಾನ್. ಒತ್ತುವಾಗ ಮೂಗಿಗೆ ಅಡರುವ ಹುಳಿ ಘಾಟು ಬಂತು, ವಿನೆಗರ್ ಬಾಟಲಿ ಮುಚ್ಚಳ ತೆಗೆದ ಹಾಗೆ. ಎರಡು ದಿನದಲ್ಲಿ ಹೋಗುತ್ತದೆ ಅಂದರು. ನಾನು ಆ ಸಂಜೆಯೇ ಹಡಗನ್ನು ಒಳಗಿಟ್ಟು ಬಾಗಿಲು ಮುಚ್ಚಿದೆ.

ಆ ವಾಸನೆ ವಿನೆಗರ್‌ನ ಹಾಗೆ ಇತ್ತು ಅನ್ನುವುದು ಹೋಲಿಕೆ ಅಲ್ಲ ಮಾರಾಯ್ರೇ, ಅದು ವಿನೆಗರ್‌ನ ಆಮ್ಲವೇ. ಅಸಿಟಾಕ್ಸಿ ಜಾತಿಯ ಸಿಲಿಕಾನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲವನ್ನು ಆವಿಯಾಗಿ ಬಿಡುತ್ತದೆ. ತೆರೆದ ಜಾಗದಲ್ಲಿ ಅದು ಗಾಳಿಗೆ ಹೋಗಿಬಿಡುತ್ತದೆ, ಯಾರಿಗೂ ತೊಂದರೆ ಇಲ್ಲ. ಮುಚ್ಚಿದ ಪೆಟ್ಟಿಗೆಯಲ್ಲಿ ಹೋಗಲು ದಾರಿ ಇಲ್ಲ. ಸೀಸಕ್ಕೆ ಈ ಆವಿ ತಗುಲಿದರೆ ಮೇಲ್ಮೈಯಲ್ಲಿ ಸೀಸದ ಅಸಿಟೇಟ್ ಆಗುತ್ತದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಮತ್ತು ತೇವ ಸೇರಿ ಅದನ್ನು ಸೀಸದ ಕಾರ್ಬೊನೇಟ್ ಮಾಡುತ್ತವೆ, ಬಿಳಿ ಪುಡಿ. ಈ ಹಂತದಲ್ಲಿ ಆಮ್ಲ ಖರ್ಚಾಗುವುದಿಲ್ಲ, ಬಿಡುಗಡೆಯಾಗಿ ಪಕ್ಕದ ಸೀಸಕ್ಕೆ ಹೋಗುತ್ತದೆ. ಒಂದು ಚಮಚ ಹೆಪ್ಪು ಪಾತ್ರೆ ತುಂಬ ಹಾಲನ್ನು ಮೊಸರು ಮಾಡಿದ ಹಾಗೆ. ಅದಕ್ಕೇ ಸಿಲಿಕಾನಿನ ವಾಸನೆ ಹೋದ ಮೇಲೂ ಕೆಲಸ ನಿಲ್ಲಲಿಲ್ಲ. ಜೊತೆಗೆ ಪ್ಲೈವುಡ್ ಇತ್ತಲ್ಲ: ಮರ ತಾನೇ ವರ್ಷಗಟ್ಟಲೆ ಅಸಿಟಿಕ್ ಆಮ್ಲ ಬಿಡುತ್ತದೆ, ಪದರ ಅಂಟಿಸಿದ ಅಂಟಿನಿಂದ ಫಾರ್ಮಾಲ್ಡಿಹೈಡ್ ಬರುತ್ತದೆ, ಅದು ಫಾರ್ಮಿಕ್ ಆಮ್ಲವಾಗುತ್ತದೆ. ಹಿಂದಿನ ಕಾಲದಲ್ಲಿ ಹಾಲೆಂಡಿನವರು ಬಿಳಿ ಬಣ್ಣ ತಯಾರಿಸುತ್ತಿದ್ದದ್ದು ಹೀಗೆಯೇ. ಮಡಕೆಯಲ್ಲಿ ವಿನೆಗರ್, ಅದರ ಮೇಲೆ ಸೀಸದ ಸುರುಳಿ, ಸುತ್ತ ಕುದುರೆ ಲದ್ದಿಯ ಬಿಸಿ, ಕೆಲವು ತಿಂಗಳು ಮುಚ್ಚಿಡುವುದು. ನಾನು ಲದ್ದಿ ಒಂದನ್ನು ಬಿಟ್ಟು ಉಳಿದದ್ದೆಲ್ಲ ಒದಗಿಸಿದ್ದೆ. ಬಿಸಿಗೆ ಒಳಗೇ ಎಲ್‌ಇಡಿ ಪಟ್ಟಿ ಇತ್ತು, ತೇವಕ್ಕೆ ಉಡುಪಿಯ ಮಳೆಗಾಲ.

ಮೊದಲು ಕಂಡದ್ದು ಒಂದು ಸೀ ಹಾಕ್‌ನ ಚಕ್ರದ ಬುಡದಲ್ಲಿ, ಸಾಸಿವೆಗಿಂತ ಚಿಕ್ಕ ಬಿಳಿ ಚುಕ್ಕೆ. ಬೂಷ್ಟು ಅಂದುಕೊಂಡು ಬ್ರಷ್‌ನಿಂದ ಉಜ್ಜಿದೆ, ಮೂರು ವಾರದಲ್ಲಿ ಮತ್ತೆ ಬಂತು. ಆಮೇಲೆ ರೆಕ್ಕೆಯ ಅಂಚಿನಲ್ಲಿ ಬಣ್ಣ ಹಪ್ಪಳದ ಹಾಗೆ ಉಬ್ಬಿತು. ಕಾರ್ಬೊನೇಟ್‌ಗೆ ಲೋಹಕ್ಕಿಂತ ಜಾಸ್ತಿ ಜಾಗ ಬೇಕು, ಅದಕ್ಕೆ ಒಳಗಿನಿಂದ ಬಣ್ಣವನ್ನು ತಳ್ಳುತ್ತದೆ. ತೇವದಿಂದ ಹೀಗಾಗಿದೆ ಅಂತ ತೀರ್ಮಾನಿಸಿ ನಾನು ಮಾಡಿದ್ದೇನು? ಇದ್ದಬದ್ದ ಸಂದಿಗೆಲ್ಲ ಇನ್ನೊಂದು ಟ್ಯೂಬ್ ಅದೇ ಸಿಲಿಕಾನ್ ಹೊಡೆದು, ಒಳಗೆ ಅರ್ಧ ಕೆಜಿ ಸಿಲಿಕಾ ಜೆಲ್ ಇಟ್ಟೆ! ತೇವಾಂಶ ಶೇ. 80ರಿಂದ 35ಕ್ಕೆ ಇಳಿಯಿತು. ಮರದ ಒಡಲು ಒಣಗಿ ಎಡಬದಿಯ ನೀರಿನ ಗೆರೆಯ ಉದ್ದಕ್ಕೂ ಕೂದಲೆಳೆಯ ಬಿರುಕು ಬಿಟ್ಟಿತು. ಆಮ್ಲ ಅಲ್ಲೇ ಇತ್ತು.

ಹಾಗಾಗಿ ತೇಗವೋ ಪ್ಲೈವುಡ್ಡೋ ಅನ್ನುವ ಪ್ರಶ್ನೆಯೇ ಸರಿ ಇಲ್ಲ. ಎರಡೂ ಬೇಡ. ಓಕ್ ಎಲ್ಲಕ್ಕಿಂತ ಕೆಟ್ಟದ್ದು, ತೇಗವೂ ಪೂರ್ತಿ ಸಾಚಾ ಅಲ್ಲ, ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಎಂಡಿಎಫ್ ಹಲಗೆಯ ಹೆಸರೇ ಎತ್ತಬೇಡಿ. ಧೂಳನ್ನು ಸೊನ್ನೆ ಮಾಡಬೇಕು ಅನ್ನುವ ಹಟವನ್ನೂ ಬಿಡಿ. ಧೂಳು ಬಿದ್ದರೆ ಕ್ಯಾಮೆರಾದವರ ರಬ್ಬರ್ ಬ್ಲೋವರ್ ಮತ್ತು ಮೇಕಪ್ಪಿನ ಮೆತ್ತನೆ ಬ್ರಷ್ ಇಟ್ಟುಕೊಂಡು ಆರು ತಿಂಗಳಿಗೊಮ್ಮೆ ಅರ್ಧ ಗಂಟೆ ಕೂತರೆ ಆಯಿತು. ಮೊಂಡು ಕಲೆಗೆ ಹತ್ತಿಯ ಕಡ್ಡಿಗೆ ಸ್ವಲ್ಪ ಉಗುಳು ತಾಗಿಸಿ ಒರೆಸಿ. ನಗಬೇಡಿ, ಮ್ಯೂಸಿಯಂನವರೂ ಇದನ್ನೇ ಮಾಡುತ್ತಾರೆ. ಸೀಸ ಇರುವ ಭಾಗಕ್ಕೆ ಮಾತ್ರ ಬೇಡ.

ಈಗ ಏನು ಮಾಡಿಸಬೇಕು. ಪೌಡರ್ ಕೋಟಿಂಗ್ ಆದ ಅಲ್ಯುಮಿನಿಯಂ ಸೆಕ್ಷನ್‌ನ ಚೌಕಟ್ಟು, 5 ಎಂಎಂ ಟಫನ್ಡ್ ಗಾಜು, ತಳಕ್ಕೆ ಅಕ್ರಿಲಿಕ್ ಶೀಟ್. ಕಿಟಕಿ ಮಾಡುವ ಅಲ್ಯುಮಿನಿಯಂ ಫ್ಯಾಬ್ರಿಕೇಶನ್‌ನವರೇ ಮಾಡಿಕೊಡುತ್ತಾರೆ. 61 ಸೆಂ.ಮೀ. ಹಡಗಿಗೆ ಒಳ ಅಳತೆ ಉದ್ದ 75, ಅಗಲ 24 ಇರಲಿ. ಎತ್ತರವನ್ನು ಆಂಟೆನಾ ತುದಿಯಿಂದ 5 ಸೆಂ.ಮೀ. ಮೇಲೆ ಹಿಡಿಯಿರಿ. ಒಂದೇ ಕೇಸಿನಲ್ಲಿ ಗಾಜಿನ ತಟ್ಟೆ ಹಾಕಿ ಮೇಲೆ ವಿಮಾನ ಇಡುವುದಾದರೆ, 90 ಸೆಂ.ಮೀ. ಅಗಲಕ್ಕೆ 6 ಎಂಎಂ ಗಾಜು ಭಾರಕ್ಕೆ ಬಾಗಿದ ಹಾಗೆ ಕಾಣಬಹುದು, 8 ಎಂಎಂ ಹಾಕಿಸಿ. ಸಿಲಿಕಾನ್ ಬೇಕೇ ಬೇಕಾದರೆ ಟ್ಯೂಬಿನ ಮೇಲೆ ‘ನ್ಯೂಟ್ರಲ್ ಕ್ಯೂರ್’ ಅಂತ ಇರಬೇಕು, ಅಂದರೆ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡದ ಜಾತಿ. ಅಕ್ವೇರಿಯಂ ಸಿಲಿಕಾನ್ ಶುದ್ಧ ಅಂತ ಕೊಡಲು ಬರುತ್ತಾರೆ, ಅದೂ ಸಾಮಾನ್ಯವಾಗಿ ಅಸಿಟಾಕ್ಸಿಯೇ. ಸಂಶಯ ಇದ್ದರೆ ಒಂದು ಹನಿ ಕಾಗದದ ಮೇಲೆ ಒತ್ತಿ ಮೂಸಿ, ಹುಳಿ ವಾಸನೆ ಬಂದರೆ ವಾಪಸ್ ಕೊಡಿ. ಯಾವ ಸಿಲಿಕಾನ್ ಆದರೂ ಬಾಗಿಲು ತೆರೆದೇ ಎರಡು ವಾರ ಬಿಟ್ಟು ಆಮೇಲೆ ಮಾಡೆಲ್ ಇಡಿ.

ಮುಖ್ಯವಾದದ್ದು ಗಾಳಿಯ ದಾರಿ. ಎಡಬದಿಯ ಕೆಳಗೆ 10 ಎಂಎಂನ ಮೂರು ತೂತು, ಬಲಬದಿಯ ಮೇಲೆ ಮೂರು. ಒಳಗಡೆಯಿಂದ ಎನ್-95 ಮಾಸ್ಕಿನ ಬಟ್ಟೆ ಕತ್ತರಿಸಿ ಅಂಟಿಸಿದರೆ ಗಾಳಿ ಆಡುತ್ತದೆ, ಧೂಳು ಬಹುಪಾಲು ಹೊರಗೇ ನಿಲ್ಲುತ್ತದೆ. ದೀಪ ಮತ್ತು ಅದಕ್ಕೆ ಕರೆಂಟ್ ಕೊಡುವ ಡ್ರೈವರ್ ಡಬ್ಬಿ ಎರಡೂ ಕೇಸಿನ ಹೊರಗೆ, ಮೇಲ್ಗಾಜಿನ ಆಚೆ. ತೂತು ಇಟ್ಟ ಮೇಲೆ ಸಿಲಿಕಾ ಜೆಲ್ ಹಾಕುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಅದರ ಬದಲು ಅಕ್ವೇರಿಯಂ ಅಂಗಡಿಯ ಆ್ಯಕ್ಟಿವೇಟೆಡ್ ಇದ್ದಿಲು 100 ಗ್ರಾಂ ಬಟ್ಟೆ ಚೀಲದಲ್ಲಿ ಕಟ್ಟಿ ತಳದ ಮೂಲೆಯಲ್ಲಿಡಿ, ಆಮ್ಲದ ಆವಿಯನ್ನು ಹೀರುತ್ತದೆ. ನಾನು ವರ್ಷಕ್ಕೆ ಎರಡು ಸಲ ಬದಲಿಸುತ್ತೇನೆ.

ಆಚಾರಿಗೆ ಮುಂಗಡ ಕೊಟ್ಟಾಗಿದೆ, ಪ್ಲೈವುಡ್ ಕೊಯ್ದಾಗಿದೆ ಅನ್ನುತ್ತೀರಾದರೆ ಒಳಮೈಗೆಲ್ಲ ಎಸಿ ಡಕ್ಟ್‌ಗೆ ಸುತ್ತುವ ಅಲ್ಯುಮಿನಿಯಂ ಫಾಯಿಲ್ ಟೇಪ್ ಹಚ್ಚಿ. ಪಟ್ಟಿಯ ಮೇಲೆ ಪಟ್ಟಿ 1 ಸೆಂ.ಮೀ. ಅತಿಕ್ರಮಿಸಬೇಕು. ಕೊಯ್ದ ಅಂಚುಗಳನ್ನು ಬಿಡಬೇಡಿ, ಪ್ಲೈವುಡ್ ಹೆಚ್ಚು ಉಸಿರಾಡುವುದು ಅಂಚಿನಲ್ಲೇ. ಎಣ್ಣೆ ಪೇಂಟ್ ಹೊಡೆದರೆ ಮುಚ್ಚಿಹೋಗುತ್ತದೆ ಅನ್ನುವವರ ಮಾತು ಕೇಳಬೇಡಿ, ಆ ಪೇಂಟೇ ಒಣಗುವಾಗ ಆಮ್ಲ ಬಿಡುತ್ತದೆ. ಬಿಳಿ ಮರದಂಟನ್ನೂ ಒಳಗೆ ಬಳಸಬೇಡಿ, ಅದರದ್ದೂ ಅದೇ ಜಾತಕ.

ನಿಮ್ಮ ಮಾಡೆಲ್‌ನಲ್ಲಿ ಸೀಸ ಇದೆಯೋ ಇಲ್ಲವೋ ನೋಡಲು, ಬಣ್ಣ ಹೊಡೆಯದ ಒಂದು ಬಿಡಿಭಾಗವನ್ನು ಬಿಳಿ ಕಾಗದದ ಮೇಲೆ ಒತ್ತಿ ಎಳೆಯಿರಿ. ಪೆನ್ಸಿಲ್‌ನ ಹಾಗೆ ಬೂದು ಗೆರೆ ಬಿದ್ದರೆ ಸೀಸದ ಪಾಲು ಜೋರಾಗಿದೆ. ತವರವೇ ಮುಖ್ಯವಾದ ಹೊಸ ಎರಕಗಳು ಇಷ್ಟು ಸಲೀಸಾಗಿ ಗೆರೆ ಬಿಡುವುದಿಲ್ಲ. ಪೂರ್ತಿ ಪ್ಲಾಸ್ಟಿಕ್ ಕಿಟ್ ಆದರೆ ಈ ರೋಗದ ಭಯ ಕಡಿಮೆ.

ಕೇಸಿಗೆ ಬಳಸುವ ಸಾಮಾನನ್ನೂ ಪರೀಕ್ಷಿಸಬಹುದು. ಬ್ರಿಟಿಷ್ ಮ್ಯೂಸಿಯಂನಲ್ಲಿ 1973ರಲ್ಲಿ ರೂಪುಗೊಂಡ ‘ಆಡಿ’ (Oddy) ಪರೀಕ್ಷೆಯಲ್ಲಿ ಬೆಳ್ಳಿ, ಸೀಸ, ತಾಮ್ರದ ಚೂರುಗಳನ್ನು ಆ ಸಾಮಾನಿನ ಜೊತೆ 60 ಡಿಗ್ರಿಯಲ್ಲಿ 28 ದಿನ ತೇವದಲ್ಲಿಡುತ್ತಾರೆ. ಮನೆಯಲ್ಲಿ ಸೀಸ ಒಂದು ಸಾಕು. ಮಲ್ಪೆಯ ಬಲೆ ಅಂಗಡಿಯಲ್ಲಿ ಬಲೆಗೆ ಕಟ್ಟುವ ಸೀಸದ ಗುಂಡು ಸಿಗುತ್ತದೆ. ಎರಡು ಗುಂಡನ್ನು ನೀರಿನಲ್ಲಿ ನೆನೆಸಿದ ಮರಳು ಕಾಗದದಿಂದ ಹೊಳೆಯುವ ತನಕ ಉಜ್ಜಿ. ಒಂದನ್ನು ಜಾಮ್ ಬಾಟಲಿಯಲ್ಲಿ ಪ್ಲೈವುಡ್ ಚೂರಿನ ಜೊತೆ, ಇನ್ನೊಂದನ್ನು ಖಾಲಿ ಬಾಟಲಿಯಲ್ಲಿ, ಎರಡಕ್ಕೂ ಒದ್ದೆ ಹತ್ತಿ ತುಂಬಿದ ಚಿಕ್ಕ ಮುಚ್ಚಳ ಇಟ್ಟು ಬಿಗಿಯಾಗಿ ಮುಚ್ಚಿ ಬೆಚ್ಚಗಿನ ಮೂಲೆಯಲ್ಲಿ ಒಂದು ತಿಂಗಳು ಬಿಡಿ. ಆ ಬಾಟಲಿಗಳನ್ನು ಮತ್ತೆ ಅಡುಗೆಮನೆಗೆ ತರಬೇಡಿ. ನನ್ನ ಪ್ಲೈವುಡ್ ಬಾಟಲಿಯ ಗುಂಡು ಹದಿನೆಂಟನೇ ದಿನಕ್ಕೆ ಅಕ್ಕಿಹಿಟ್ಟಿನಲ್ಲಿ ಹೊರಳಾಡಿದ ಹಾಗೆ ಕಂಡಿತು, ಇನ್ನೊಂದು ಬರೀ ಮಂಕಾಗಿತ್ತು.

ಆಗಲೇ ಬಿಳಿ ಪುಡಿ ಬಂದಿದ್ದರೆ ಒಣ ಬ್ರಷ್ ಆಡಿಸಬೇಡಿ, ಊದಬೇಡಿ. ಅದು ವಿಷ, ಮಕ್ಕಳಿರುವ ಮನೆಯಲ್ಲಂತೂ ಹುಡುಗಾಟ ಅಲ್ಲ. ನೈಟ್ರೈಲ್ ಕೈಗವಸು, ಮಾಸ್ಕ್, ಕೆಳಗೆ ಒದ್ದೆ ಪೇಪರ್. ಬಿದಿರು ಕಡ್ಡಿಯನ್ನು ಓರೆಯಾಗಿ ಕೊಯ್ದು, ತೇವ ಮಾಡಿದ ಪುಡಿಯನ್ನು ಮೆಲ್ಲಗೆ ಕೆರೆದು ಟಿಶ್ಯೂನಲ್ಲಿ ಒರೆಸಿ ಚೀಲಕ್ಕೆ ಹಾಕಿ ಕಟ್ಟಿ. ಮೇಲೆ ಲ್ಯಾಕರ್ ಹೊಡೆದರೆ ನಿಲ್ಲುತ್ತದೆ ಅಂತ ನಾನೂ ನಂಬಿದ್ದೆ. ಆವಿ ಬಣ್ಣದ ಪದರವನ್ನು ದಾಟುತ್ತದೆ. ಪುಡಿ ಆಳಕ್ಕೆ ಇಳಿದಿದ್ದರೆ ಆ ಭಾಗವನ್ನು ತೆಗೆದು ರೆಸಿನ್ ಅಥವಾ ಹಿತ್ತಾಳೆಯದನ್ನು ಕೂರಿಸುವುದೊಂದೇ ದಾರಿ. ನನ್ನ ಡೆಕ್ ಮೇಲೆ ಈಗ ಇರುವವು ರೆಸಿನ್ ಸೀ ಹಾಕ್‌ಗಳು.

ಡೈ-ಕಾಸ್ಟ್ ವಿಮಾನಗಳ ಲೋಹ ಬೇರೆ: ಸತು ಮತ್ತು ಅಲ್ಯುಮಿನಿಯಂ ಮಿಶ್ರಣ. ಎರಕದಲ್ಲಿ ಸೀಸವೋ ತವರವೋ ಬೆರೆತಿದ್ದರೆ ಅದು ಒಳಗಿನಿಂದಲೇ ಉಬ್ಬಿ, ಸೀಳಿ, ಕೊನೆಗೆ ರಸ್ಕ್‌ನ ಹಾಗೆ ಪುಡಿಯಾಗುತ್ತದೆ. 1930ರ ದಶಕದ ಡಿಂಕಿ ಕಂಪನಿಯ ಆಟಿಕೆ ವಿಮಾನಗಳಲ್ಲಿ ಇದು ಸಾಮಾನ್ಯ. ಮದ್ದಿಲ್ಲ, ಅಂಟುರೋಗವೂ ಅಲ್ಲ. ಹಳೆಯದನ್ನು ಹೆಚ್ಚು ದುಡ್ಡು ಕೊಟ್ಟು ಕೊಳ್ಳುವಾಗ ರೆಕ್ಕೆ ಸೇರುವ ಜಾಗವನ್ನು ಭೂತಗನ್ನಡಿ ಹಿಡಿದು ನೋಡಿ, ಅಷ್ಟೆ. ಮಾಡೆಲ್ ಮೇಲೆ ಅಂಟಿಸಿದ ಗುರುತಿನ ಚಿತ್ರಗಳು (ಡೆಕಾಲ್) ಹಳದಿಯಾಗದಿರಲು ನೇರ ಬಿಸಿಲು ಬೀಳುವ ಗೋಡೆ ಬೇಡ.

ಇನ್ನು ನಿಮ್ಮ ಮಾರುತ್. ಅಸಲಿ ವಿಮಾನ 15.87 ಮೀಟರ್, 1/72ರಲ್ಲಿ 22 ಸೆಂ.ಮೀ. ಬಣ್ಣಕ್ಕೆ ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂ ಮುಂದಿರುವ ಮಾರುತ್ ನೋಡಬಹುದು, ಆದರೆ ಮಳೆ ಬಿಸಿಲಿಗೆ ನಿಂತ ವಿಮಾನದ ಬಣ್ಣವನ್ನು ಹಾರುತ್ತಿದ್ದ ಕಾಲದ ಬಣ್ಣ ಅಂದುಕೊಳ್ಳಬೇಡಿ. ಮುಂದೊಂದು, ಹಿಂದೆರಡು ಚಕ್ರ ಇರುವುದರಿಂದ ಮೂತಿಗೆ ಭಾರ ತುಂಬದಿದ್ದರೆ ಬಾಲದ ಮೇಲೆ ಕೂತುಬಿಡುತ್ತದೆ. ಎಲ್ಲರೂ ಸೀಸದ ಚೂರು ಹಾಕಿ ಬಿಳಿ ಅಂಟು ಸುರಿಯುತ್ತಾರೆ. ಅಂಟಿನ ಆಮ್ಲ ಮತ್ತು ಸೀಸ ಮುಚ್ಚಿದ ಮೂತಿಯೊಳಗೆ ಇದೇ ಆಟ ಆಡುತ್ತವೆ, ಕೆಲವು ವರ್ಷಗಳಲ್ಲಿ ಮೂತಿಯ ಅಂಟು ಬಿಟ್ಟು ಎರಡು ಹೋಳಾಗಬಹುದು. ಸೈಕಲ್ ರಿಪೇರಿ ಅಂಗಡಿಯಲ್ಲಿ ಸಿಗುವ ಬೇರಿಂಗ್ ಉಕ್ಕಿನ ಗುಂಡುಗಳನ್ನು ಎಪಾಕ್ಸಿಯಲ್ಲಿ ಕೂರಿಸಿ. ಎಷ್ಟು ಬೇಕು ಅನ್ನುವುದಕ್ಕೆ, ಎರಡು ಹೋಳನ್ನು ಟೇಪಿನಲ್ಲಿ ಸುತ್ತಿ, ಹಿಂದಿನ ಚಕ್ರದ ಜಾಗಕ್ಕೆ ಪೆನ್ಸಿಲ್ ಅಡ್ಡ ಇಟ್ಟು ತೂಗಿ ನೋಡಿ. ಮೂತಿ ಕೆಳಗೆ ಬಾಗಿದ ಮೇಲೆ ಇನ್ನೆರಡು ಗುಂಡು ಹೆಚ್ಚಿಗೆ ಹಾಕಿ. ಬಣ್ಣ ಮತ್ತು ಬಾಲದ ಭಾಗಗಳ ತೂಕ ಆಮೇಲೆ ಸೇರುತ್ತದೆ.